ಕುಪ್ಪಸ ತೊಟ್ಟ ಹುಳ

ಜೋಳಕ್ಕೆ ಹತ್ತುವ ನುಸಿಯೂ ಒಂದು ಜೀರುಂಡೆಯೇ ಎಂದು ನಾನು ಹೇಳಿದ ದಿನ ಅವ್ವ ರೊಟ್ಟಿ ಬಡಿಯುವ ಕೈಯನ್ನು ಅಲ್ಲೇ ನಿಲ್ಲಿಸಿದಳು.

"ಏನಂದಿ? ಇಷ್ಟ ವರ್ಷ ನಾವು ಜೀರುಂಡಿ ಬೀಸಿಸಿಕೊಂಡ ಬಂದ ತಿಂದೀವೇನು?"

"ಸಣ್ಣ ಜೀರುಂಡಿಬೇ. ಮೂಗ ಉದ್ದ ಐತಿ, ಅಷ್ಟ."

"ಅದರ ಮೂಗ ತಗೊಂಡ ನಾ ಏನ್ ಮಾಡ್ಲಿ? ಮೊದಲ ಆ ಡಬ್ಬಿ ಬಿಸಲಿಗೆ ಇಡ ಹೋಗು."

ನಾನು ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೆ. ಮಳೆಗಾಲ ಶುರುವಾಗುವ ಮೊದಲು ನಮ್ಮ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು: ಒಬ್ಬೊಬ್ಬರೂ ಒಂದು ಗುಂಪಿನ ಜೀವಿಯನ್ನು ಆರಿಸಿಕೊಂಡು ಮಳೆಗಾಲವಿಡೀ ತಮ್ಮ ತಮ್ಮ ಊರಲ್ಲೇ ಎಣಿಸಬೇಕು. ಒಬ್ಬಳು ಹಕ್ಕಿ ತೆಗೆದುಕೊಂಡಳು. ಹಾವು ತೆಗೆದುಕೊಂಡವನು ಒಂದೇ ವಾರದಲ್ಲಿ ಬದಲಾಯಿಸಿಕೊಂಡ. ನಾನು ಜೀರುಂಡೆ ಆರಿಸಿದೆ. ಕಾರಣ ಸರಳ. ನಮ್ಮ ಮಗ್ಗದ ಶೆಡ್ಡು ಬನಹಟ್ಟಿಯ ಅಂಚಿನಲ್ಲಿದೆ, ಹಿಂದಿನ ಕಿಟಕಿ ತೆಗೆದರೆ ಕಬ್ಬು. ಮಳೆ ಬಿದ್ದ ಸಂಜೆ ಟ್ಯೂಬಲೈಟು ಹಚ್ಚಿದರೆ ಸಾಕು, ನಾನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಹುಳಗಳೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದವು. ಬರೆದಿಡುವ ಚಟ ಮೊದಲಿಂದಲೂ ಇತ್ತು. ತಾರೀಖು, ಮಳೆ, ಯಾವ ಮಗ್ಗ ನಿಂತಿತು, ಯಾವ ಬಣ್ಣದ ನೂಲು ಬಂತು, ಇವನ್ನೆಲ್ಲ ಹೈಸ್ಕೂಲಿನಿಂದ ಬರೆಯುತ್ತ ಬಂದಿದ್ದೆ. ಅದಕ್ಕೆ ಹುಳದ ಗೀಟುಗಳು ಸೇರಿಕೊಂಡವು.

ಜೀರುಂಡೆ ಎಂದರೆ ಗಿಡದಲ್ಲಿ ಕೂತು ಕಿರ್ರೆನ್ನುವ ಹುಳ ಎಂದುಕೊಂಡವರೇ ನಮ್ಮಲ್ಲಿ ಹೆಚ್ಚು. ನಾನು ಎಣಿಸಿದ್ದು ಅದನ್ನಲ್ಲ. ಬೆನ್ನ ಮೇಲೆ ಎರಡು ಗಟ್ಟಿ ಮುಚ್ಚಳ, ಅವು ಕೂಡುವಲ್ಲಿ ಒಂದು ನೇರ ಗೆರೆ, ಮುಚ್ಚಳದ ಕೆಳಗೆ ಹಾರುವ ತೆಳು ರೆಕ್ಕೆ. ಇದಿಷ್ಟು ಇದ್ದರೆ ಅದು ಜೀರುಂಡೆ. ಮುಚ್ಚಳ ಕಾಣದಿದ್ದರೆ ಬೇರೆ ಸಾಲು: ಪತಂಗ, ರೆಕ್ಕೆಯ ಗೆದ್ದಲು, ಇರುವೆ. ಒಂದೇ ನಿಯಮ ಇದ್ದರೆ ಎಣಿಕೆ ತಪ್ಪುವುದಿಲ್ಲ ಎಂಬ ಧೈರ್ಯ ನನಗೆ.

ಆದರೆ ಆ ಒಂದು ನಿಯಮದ ಒಳಗೆ ಏನೇನು ಬಂದು ಬಿತ್ತು ಎಂದು ನೆನೆದರೆ ಈಗಲೂ ಬೆರಗಾಗುತ್ತದೆ. ನುಸಿ ಬಂತು, ಮಿಂಚುಹುಳು ಬಂತು. ಬೇವಿನ ಎಲೆ ತಿನ್ನುವ ಕಂದು ಹುಳ ಬಂತು, ಅದರ ಮರಿಯೇ ಕಬ್ಬಿನ ಬೇರು ತಿನ್ನುವ ಗೊಣ್ಣೆ ಹುಳ. ಅಂಗಾತ ಹಾಕಿದರೆ ಚಿಟಿಕೆ ಹೊಡೆದಂತೆ ಸದ್ದು ಮಾಡಿ ಗಾಳಿಗೆ ಹಾರಿ ನೆಟ್ಟಗೆ ಬೀಳುವ ಒಂದು ಬಂತು. ರನ್ನ ಬೆಳಗಲಿಯಲ್ಲಿ ನಮ್ಮ ಬೀಗರ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಅಲ್ಲಿ ಒಂದು ಕರಿ ಜೀರುಂಡೆ ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಕ್ಕೆಯ ಉಂಡೆ ತಳ್ಳುತ್ತ ಹಿಮ್ಮುಖವಾಗಿ ಓಡುತ್ತಿತ್ತು. ಇನ್ನೊಂದು ಬಂದು ಆ ಉಂಡೆಯನ್ನು ಕಸಿದುಕೊಂಡಿತು. ಹಿಪ್ಪರಗಿಯ ಹತ್ತಿರ ನಿಂತ ನೀರಿನ ಮೇಲೆ ಗಿರಗಿರ ತಿರುಗುವ ಜೀರುಂಡೆಯನ್ನು ಹಿಡಿದು ಕಣ್ಣಿಗೆ ಹತ್ತಿರ ತಂದು ನೋಡಿದೆ. ಅದರ ಕಣ್ಣು ಸೀಳಿತ್ತು. ನೀರಿನ ಮೇಲಿನದು ನೋಡಲು ಒಂದು ಜೊತೆ, ನೀರೊಳಗಿನದು ನೋಡಲು ಇನ್ನೊಂದು ಜೊತೆ. ಬೀಳಗಿಯ ಗೆಳತಿಯ ಮನೆಗೆ ಹೋದಾಗ ಒಂದು ಕಲ್ಲು ಎತ್ತಿದೆ. ಕೆಳಗಿದ್ದ ಹುಳ ಹಿಂಭಾಗದಿಂದ ಪುಸಕ್ಕೆಂದು ಬಿಸಿ ಹೊಗೆ ಹಾರಿಸಿತು. ಬೆರಳು ಚುರುಕ್ಕೆಂದು ಕಂದಾಯಿತು. ಉಗುರಿನಷ್ಟು ಹುಳದ ಹೊಟ್ಟೆಯಲ್ಲಿ ಒಲೆ ಹೇಗೆ ಬಂತು?

"ಜಗತ್ತಿನಾಗ ಗೊತ್ತಿರೋ ಪ್ರಾಣಿಗಳ ಜಾತಿ ಎಲ್ಲಾ ಸಾಲಾಗಿ ನಿಲ್ಲಿಸಿದರ ನಾಲ್ಕಕ್ಕ ಒಂದು ಜೀರುಂಡಿನ" ಎಂದು ಮೇಷ್ಟ್ರು ಹೇಳಿದಾಗ ನಾನು ಎರಡು ಸಲ ಕೇಳಿ ಬರೆದುಕೊಂಡೆ.

ಆ ಮಳೆಗಾಲದಲ್ಲೇ ನನ್ನ ಸೋದರಮಾವ ಹೊಸ ಬಣ್ಣ ಮಾಡಿದ್ದ.

ಮಾವ ಅವ್ವನ ಅಣ್ಣ. ನಮ್ಮ ಓಣಿಯ ಕೊನೆಗೆ ಅವನ ಬಣ್ಣದ ಮನೆ. ಅಂಗಳದಲ್ಲಿ ಎರಡು ದೊಡ್ಡ ಕಡಾಯಿ, ಉದ್ದಕ್ಕೆ ಬಿದಿರಿನ ಗಳ, ಗಳದ ಮೇಲೆ ನೂಲಿನ ಲಡಿಗಳು. ಓಣಿಯ ನೇಕಾರರು ಬಿಳಿ ನೂಲು ಕೊಡುತ್ತಾರೆ, ಮಾವ ಬಣ್ಣ ಏರಿಸಿ ಕೊಡುತ್ತಾನೆ. ತಕ್ಕಡಿ ಇದೆ, ಆದರೆ ಅದರ ಮೇಲೆ ಹೆಚ್ಚಾಗಿ ಬೆಕ್ಕು ಮಲಗಿರುತ್ತದೆ. ಅವನ ಅಳತೆ ಎಲ್ಲ ಕಣ್ಣಿನದು. ಮಾವಿನ ಗಿಡ ಹೊಸದಾಗಿ ಚಿಗುರಿದಾಗ ಎಲೆ ಹಸಿರಾಗುವ ಮೊದಲು ಎರಡೇ ದಿನ ತಾಮ್ರದಂಥ ಒಂದು ಬಣ್ಣ ಇರುತ್ತದಲ್ಲ, ಅದನ್ನು ನೂಲಿಗೆ ತರಬೇಕೆಂದು ಅವನು ಬಹಳ ದಿನ ಒದ್ದಾಡಿದ್ದ. ಕೊನೆಗೆ ಬೇರೆ ಕಡೆಯಿಂದ ಒಂದು ಹೊಸ ಪುಡಿ ತರಿಸಿ, ಹಳೆಯದರ ಜೊತೆ ಕೂಡಿಸಿ, ಬಣ್ಣ ಬರಿಸಿಯೇಬಿಟ್ಟ. ಶ್ರಾವಣಕ್ಕೆ ಸೀರೆ ಬೇಕೆಂದು ನಮ್ಮ ಓಣಿಯ ಮೂರು ಮನೆಯವರು ಆ ನೂಲು ತೆಗೆದುಕೊಂಡರು: ನಾವು, ಎದುರು ಮನೆಯ ಚಿಗವ್ವ, ಮೂಲೆಮನೆಯವರು.

ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಹೊಸ ಬಣ್ಣದ ಮೊದಲ ಸೀರೆ ಮಗ್ಗದಿಂದ ಇಳಿದರೆ ಅದು ನೇರ ಅಂಗಡಿಗೆ ಹೋಗುವುದಿಲ್ಲ. ಮನೆಯ ಹಿರಿ ಹೆಣ್ಣುಮಗಳ ಹೆಗಲ ಮೇಲೆ ಹಾಕಿ, ಅವಳನ್ನು ಟ್ಯೂಬಲೈಟಿನ ಕೆಳಗೆ ನಿಲ್ಲಿಸಿ, ಅಕ್ಕಪಕ್ಕದವರನ್ನು ಕರೆದು ತೋರಿಸಬೇಕು. ಬಟ್ಟೆಯ ಬಣ್ಣ ಮೈ ಬಣ್ಣದ ಪಕ್ಕ ಹೇಗೆ ಕಾಣುತ್ತದೆ ಎಂದು ನೋಡದೆ ನಮ್ಮವರು ಎರಡನೇ ಸೀರೆ ನೇಯುವುದಿಲ್ಲ.

ಜುಲೈ ತಿಂಗಳ ಒಂದು ಗುರುವಾರ ಸಂಜೆ, ಮಳೆ ಬಿಟ್ಟು ಸ್ವಲ್ಪ ಹೊತ್ತಾಗಿತ್ತು. ಅವ್ವ ಹೊಸ ಸೀರೆ ಹೆಗಲಿಗೆ ಹಾಕಿಕೊಂಡು ದೀಪದ ಕೆಳಗೆ ನಿಂತಳು. ಹುಳ ಎಂದರೆ ಹುಳ. ಟ್ಯೂಬಲೈಟಿನ ಸುತ್ತ ಜರಡಿ ಹಿಡಿದಂತೆ ಉದುರುತ್ತಿದ್ದವು. ನಾನು ಮೂಲೆಯಲ್ಲಿ ಗೀಟು ಹಾಕುತ್ತ ಕೂತಿದ್ದೆ.

"ಸ್ವಲ್ಪ ತಿರಗು, ಸೆರಗಿನ ಮ್ಯಾಲ ಬೆಳಕ ಬೀಳ್ಲಿ" ಎಂದ ಅಪ್ಪ.

"ಎಷ್ಟ ತಿರಗ್ಲಿ? ನಾ ಏನ್ ಗಾಣದ ಎತ್ತೇನು?"

ಎದುರು ಮನೆಯ ಚಿಗವ್ವ ಬಾಗಿಲಲ್ಲೇ ನಗಾಡಿದಳು. "ನಿಂದರಕ್ಕಾ, ಇದರ ನೆಪದಾಗರ ಅಣ್ಣಾರು ನಿನ್ನ ಮಾರಿ ನೋಡ್ಲಿ. ನೋಡಿ ಎಷ್ಟ ವರ್ಷ ಆತೋ ಏನೋ."

"ಅವರ ಲಕ್ಷ್ಯ ಎಲ್ಲಾ ದಡಿ ಮ್ಯಾಲ ಐತಿ ತಗೋ" ಎಂದು ಅವ್ವ ಹೊಸ ಸೀರೆಯ ಸೆರಗಿನಿಂದ ಕುತ್ತಿಗೆಯ ಮೇಲೆ ಬಿದ್ದ ಹುಳ ಒರೆಸಿಕೊಂಡಳು. "ಥೂ, ಇವುಗಳ ಕಾಟ."

ಮಾವ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ತಂಗಿಯ ಹೆಗಲ ಮೇಲಿನ ಬಣ್ಣವನ್ನೇ ನೋಡುತ್ತಿದ್ದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಮರುದಿನ ಅವ್ವ ಕುತ್ತಿಗೆ ಉರಿಯುತ್ತದೆ ಎಂದಳು. ಸಂಜೆಯ ಹೊತ್ತಿಗೆ ಕೆಂಪು ಕಾಣಿಸಿತು. ಶನಿವಾರ ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳಲು ಕೂದಲೆತ್ತಿದಾಗ ಹಿಂದೆ ನಿಂತಿದ್ದ ನನಗೆ ಅದು ಕಂಡಿತು. ಕಿವಿಯ ಕೆಳಗಿನಿಂದ ಹೆಗಲತನಕ ಕಾದ ಕಬ್ಬಿಣದಿಂದ ಬರೆ ಎಳೆದಂಥ ಒಂದು ಪಟ್ಟಿ. ಅದರ ಉದ್ದಕ್ಕೂ ಸಣ್ಣ ನೀರುಗುಳ್ಳೆ, ಕೆಲವು ಕೀವು ತುಂಬಿ ಹಳದಿಯಾಗಿದ್ದವು.

"ಹಂಗ್ಯಾಕ ನಿಂತಿ? ಏನ್ ಆಗೇತಿ, ಹೇಳಬಾರದ?"

ನಾನು ಕನ್ನಡಿ ತಂದು ಹಿಡಿದೆ. ಅವ್ವ ನೋಡಿದಳು. ಬಾಚಣಿಕೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಅಷ್ಟರಲ್ಲಿ ಎದುರು ಮನೆಯ ಚಿಗವ್ವ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಬಂದಳು. ಸೆರಗು ತೆಗೆದಳು. ಅದೇ ಬರೆ. ಅವಳೂ ಗುರುವಾರ ನಮ್ಮ ಮನೆಯಿಂದ ಹೋದವಳು ತನ್ನ ಶೆಡ್ಡಿನಲ್ಲಿ ಹೊಸ ಸೀರೆ ಹಾಕಿಕೊಂಡು ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂಲೆಮನೆಯ ಸೊಸೆಯ ಸುದ್ದಿ ಬಂತು. ಅತ್ತೆ ಇಲ್ಲದ ಆ ಮನೆಯಲ್ಲಿ ಹೊಸ ಸೀರೆ ಹಾಕಿಕೊಂಡು ನಿಂತವಳು ಅವಳೇ, ಸೆರಗಿನಿಂದ ಮುಖ ಒರೆಸಿಕೊಂಡಿದ್ದಳಂತೆ. ಅವಳಿಗೆ ಕಣ್ಣಿನ ರೆಪ್ಪೆ ಊದಿ ಕಣ್ಣೇ ಮುಚ್ಚಿತ್ತು.

ಒಬ್ಬರು ಸರ್ಪಸುತ್ತು ಎಂದರು. ಇನ್ನೊಬ್ಬರು ಜೇಡ ಉಚ್ಚೆ ಹೊಯ್ದಿದೆ ಎಂದರು. ಆದರೆ ಮೂರು ಮನೆ, ಮೂವರು ಹೆಂಗಸರು, ಒಂದೇ ಬಣ್ಣದ ಸೀರೆ. ಹೊಸ ಸೀರೆ ಎಲ್ಲಿ ಮೈಗೆ ತಾಗಿತ್ತೋ ಅಲ್ಲೇ ಸುಟ್ಟಿತ್ತು. ಇದನ್ನು ಕೂಡಿಸಲು ಯಾರಿಗೂ ಕಾಲೇಜು ಬೇಕಾಗಿರಲಿಲ್ಲ. ನಾನೂ ಹಾಗೇ ಕೂಡಿಸಿದೆ. ಡೈರಿಯಲ್ಲಿ ಆ ದಿನ ಒಂದೇ ಸಾಲು ಬರೆದೆ: ಮಾವನ ಬಣ್ಣ ಅವ್ವನನ್ನು ಸುಟ್ಟಿತು.

ಮಾವ ಬಂದು ಅವ್ವನ ಕುತ್ತಿಗೆ ನೋಡಿದ. ವಾಪಸು ಹೋಗಿ ಆ ಬಣ್ಣದ ಕಡಾಯಿಯನ್ನು ಇಬ್ಬರು ಕೆಲಸದವರ ಜೊತೆ ಹಿಡಿದು ಬಗ್ಗಿಸಿ, ಅಂಗಳದ ಗುಂಡಿಗೆ ಸುರಿದುಬಿಟ್ಟ. ಮಾವಿನ ಚಿಗುರಿನ ಬಣ್ಣ ಮಣ್ಣಿನಲ್ಲಿ ಇಂಗುವುದನ್ನು ನಾನು ನಿಂತು ನೋಡಿದೆ.

ಭಾನುವಾರ ಓಣಿಯವರು ನಮ್ಮ ಶೆಡ್ಡಿನಲ್ಲಿ ಸೇರಿದರು. ನಡುವೆ ಹಿರಿಯಜ್ಜ ಕೂತಿದ್ದ. ಅವನು ಮಗ್ಗ ಬಿಟ್ಟು ವರ್ಷಗಳಾಗಿವೆ, ಆದರೆ ನೂಲಿನ ವಿಷಯದಲ್ಲಿ ಓಣಿಯಲ್ಲಿ ಅವನ ಮಾತೇ ಕೊನೆಯದು. ಮೂಲೆಮನೆಯವನು ತನ್ನ ಲಡಿಗಳನ್ನು ಗಂಟು ಕಟ್ಟಿ ತಂದು ಮಾವನ ಮುಂದೆ ಇಟ್ಟ.

"ಇವು ನಿಮ್ಮ ಹತ್ರನ ಇರ್ಲಿರಿ. ಇನ್ ಮ್ಯಾಲ ನಾ ರಬಕವಿ ಬಣ್ಣದವರಿಗೆ ಕೊಡ್ತೇನಿ. ಇದು ಸಿಟ್ಟಿನ ಮಾತಲ್ಲ. ನನ್ನ ಸೊಸಿ ಕಣ್ಣ ಐತಿದು."

ಒಬ್ಬನು ಬೇರೆ ಕಡೆ ನೂಲು ಕೊಟ್ಟರೆ ನಾಳೆ ಹತ್ತು ಮನೆಯವರು ಕೊಡುತ್ತಾರೆ. ಮೈ ಸುಡುವ ಬಣ್ಣದವನು ಎಂಬ ಹೆಸರು ಬಂದರೆ ಬಣ್ಣದ ಮನೆಯ ಒಲೆ ಮತ್ತೆ ಹೊತ್ತುವುದಿಲ್ಲ. ಮಾವನಿಗೆ ಬೇರೆ ಕೆಲಸ ಬರುವುದಿಲ್ಲ. ಆದರೆ ಅವನು ಹೆದರಿದ್ದು ಅದಕ್ಕಲ್ಲ ಎಂದು ನನಗೆ ಕಂಡಿತು. ಅವನು ಮತ್ತೆ ಮತ್ತೆ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

"ಹೊಸ ಪುಡಿ ತಂದಿದ್ದು ಖರೆ" ಎಂದ ಮಾವ. "ನನ್ನ ಕೈ ದಿನಾ ಅದರಾಗ ಮುಳಗತಾವು, ನನಗ ಏನೂ ಆಗಿಲ್ಲ. ಆದರ ನನ್ನ ಕೈ ಚರ್ಮಾ ದಪ್ಪ. ಅದಕ್ಕ ಈಗ ಎಲ್ಲಾರ ಮುಂದ ನೋಡೂಣು."

ಅವನು ಆ ಪುಡಿಯನ್ನು ಬಿಸಿನೀರಲ್ಲಿ ಕಲಸಿ, ಒಂದು ಲಡಿ ಅದ್ದಿ, ಒದ್ದೆ ಇದ್ದಹಾಗೆಯೇ ಎಡ ತೋಳಿಗೆ ಮೊಳಕೈ ಮೇಲಿನಿಂದ ಮುಂಗೈತನಕ ಬಿಗಿಯಾಗಿ ಸುತ್ತಿಸಿಕೊಂಡ. ಅವ್ವ ಅಡ್ಡ ಬಂದಳು. "ಬ್ಯಾಡೋ ಅಣ್ಣಾ, ನನಗ ಆಗಿದ್ದ ಸಾಕು" ಎಂದಳು. ಅವನು ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿನಿಂದ ಊಟದ ಹೊತ್ತಿನತನಕ ಟ್ಯೂಬಲೈಟಿನ ಕೆಳಗೆ ಸ್ಟೂಲಿನ ಮೇಲೆ ಕೂತ. ಹುಳ ಉದುರುತ್ತಿದ್ದವು. ಎಡಗೈ ಅಲ್ಲಾಡಿಸದೆ, ಬಲಗೈಯಲ್ಲೇ ಚಹಾ ಕುಡಿದ, ಬಲಗೈಯಲ್ಲೇ ಹುಳ ಕೊಡವಿಕೊಂಡ.

ಲಡಿ ಬಿಚ್ಚಿದಾಗ ತೋಳು ತಾಮ್ರದ ಬಣ್ಣವಾಗಿತ್ತು, ಅಷ್ಟೇ. ಸೋಮವಾರ ಬೆಳಿಗ್ಗೆಯೂ ಅಷ್ಟೇ. ಅಪ್ಪ ಸ್ವಲ್ಪ ಉಸಿರುಬಿಟ್ಟ.

ಮಂಗಳವಾರ ನಸುಕಿನಲ್ಲಿ ಮಾವ ನಮ್ಮ ಬಾಗಿಲು ಬಡಿದ. ಒಳಗೆ ಬಂದು ತೋಳು ಚಾಚಿದ. ಎಡಗೈ ಅಲ್ಲ, ಬಲಗೈ. ಮೊಳಕೈಯ ಒಳಮಡಿಕೆಯಲ್ಲಿ ಎರಡು ಬರೆ, ಮೇಲೊಂದು ಕೆಳಗೊಂದು, ಒಂದರ ಅಚ್ಚು ಇನ್ನೊಂದರ ಮೇಲೆ ಒತ್ತಿದ ಹಾಗೆ. ಬಣ್ಣ ತಾಗಿದ ಕೈ ಚೊಕ್ಕಟವಾಗಿತ್ತು. ಬಣ್ಣವೇ ತಾಗದ ಕೈ ಸುಟ್ಟಿತ್ತು.

ಬಣ್ಣ ಅಲ್ಲ ಎಂದರೆ ಇನ್ನೇನು? ಈ ಶೆಡ್ಡಿನಲ್ಲಿ ಇನ್ನೇನಿದೆ?

ಸುದ್ದಿ ಕೇಳಿ ಬಂದ ಹಿರಿಯಜ್ಜ ಎರಡೂ ತೋಳು ಹಿಡಿದು ತಿರುಗಿಸಿ ನೋಡಿದ. "ವಿಷ ರಕ್ತದಾಗ ಇಳದೈತಿ" ಎಂದ. "ಈ ಕಡೆ ಹೊಕ್ಕ ಆ ಕಡೆ ಹೊಂಟೈತಿ."

"ಅಜ್ಜಾರ, ಅದೇನ ಬಸ್ಸೇನ್ರಿ, ಈ ಬಾಗಲಾಗ ಹತ್ತಿ ಆ ಬಾಗಲಾಗ ಇಳ್ಯಾಕ?" ಎಂದಳು ಅವ್ವ. ನಾಲ್ಕು ದಿನಗಳಲ್ಲಿ ಅವಳು ಆಡಿದ ಮೊದಲ ಖಾರದ ಮಾತು ಅದು. "ನಡಿ ಅಣ್ಣಾ, ಜಮಖಂಡಿಗೆ ಹೋಗೂಣು."

ಮೊದಲ ಬಸ್ಸಿಗೆ ಅವ್ವ, ಮಾವ, ನಾನು ಮೂವರೂ ಹೋದೆವು. ಜಮಖಂಡಿಯ ಚರ್ಮದ ಡಾಕ್ಟರು ವಯಸ್ಸಾದವರು. ಅವ್ವನ ಕುತ್ತಿಗೆ ನೋಡಿದರು, ಮಾವನ ಮೊಳಕೈ ಮಡಚಿ ಬಿಡಿಸಿ ನೋಡಿದರು. ಮಾವ ಬಣ್ಣದ ಕಥೆ ಶುರು ಮಾಡಿದ, ಪುಡಿಯ ಪೊಟ್ಟಣವನ್ನೂ ಜೇಬಿನಿಂದ ತೆಗೆದ. ಅವರು ಕೈ ಎತ್ತಿ ತಡೆದರು.

"ಮನಿ ಹತ್ರ ಕಬ್ಬ ಐತೇನು?"

"ಐತ್ರಿ, ಶೆಡ್ಡಿನ ಹಿಂದನ."

"ಸಂಜೀಕ ಟ್ಯೂಬಲೈಟ್ ಕೆಳಗ ಕೂಡ್ತೀರಿ. ಹುಳ ಬೀಳ್ತಾವು. ಬಡದ ಒರಿಸಿ ಒಗಿತೀರಿ."

"ಹೌದ್ರಿ" ಎಂದಳು ಅವ್ವ. "ಆದರ ಹುಳ ಕಡದರ ಗೊತ್ತಾಗೂದಿಲ್ಲೇನ್ರಿ?"

"ಇದು ಕಡಿಯೂದಿಲ್ಲವಾ. ಕುಟುಕೂದೂ ಇಲ್ಲ. ಇದನ್ನ ಮೈಮ್ಯಾಲ ಹಿಚುಕಿದರ ಇದರೊಳಗಿನ ನೀರ ಚರ್ಮಾ ಸುಡತೈತಿ. ಅದೂ ಆ ಹೊತ್ತಿಗೆ ಅಲ್ಲ, ಮರುದಿನ, ಅದರ ಮರುದಿನ. ಅದಕ್ಕ ಯಾರಿಗೂ ಹುಳದ ನೆನಪ ಇರೂದಿಲ್ಲ. ನೀ ಸೆರಗಿಲೆ ಒರಿಸಿದಿ, ಸೆರಗ ಎಲ್ಲಿತನಕ ಹೋತೋ ಅಲ್ಲಿತನಕ ಬರಿ ಎದ್ದೈತಿ. ಇವರು ಮೊಳಕೈಯಾಗ ಹಿಚುಕಿ ಕೈ ಮಡಚ್ಯಾರ, ಎರಡೂ ಕಡೆ ಹತ್ತೈತಿ. ಮಳಿಗಾಲ ಬಂತಂದ್ರ ಇಂಥವರು ನನ್ನ ಬಾಗಲಾಗ ಸಾಲ ಹಚ್ಚತಾರ."

ಅವರು ಮೊಬೈಲಿನಲ್ಲಿ ಚಿತ್ರ ತೆಗೆದು ನಮ್ಮ ಕಡೆ ತಿರುಗಿಸಿದರು. ಉದ್ದನೆಯ ಸಪೂರ ಹುಳ. ಕರಿ ತಲೆ, ಕಿತ್ತಳೆ ಕುತ್ತಿಗೆ, ಕಿತ್ತಳೆ ಹೊಟ್ಟೆ, ತುದಿ ಮತ್ತೆ ಕರಿ. ನಡುವೆ ನೀಲಿ ಹೊಳಪಿನ ಒಂದು ಗಿಡ್ಡ ಪಟ್ಟಿ. ನನಗೆ ಅದರ ಪರಿಚಯ ಚೆನ್ನಾಗಿತ್ತು. ಜೂನ್‌ನಿಂದ ಪ್ರತಿ ಸಂಜೆ ಅದಕ್ಕೆ ಗೀಟು ಹಾಕುತ್ತಿದ್ದೆ.

"ಇದು ಇರುವೆ ಅಲ್ಲೇನ್ರಿ?" ಎಂದೆ.

"ಜೀರುಂಡಿ ಇದು."

"ಇಲ್ರಿ ಸರ್." ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಜೀರುಂಡಿಗೆ ಬೆನ್ನ ತುಂಬ ಮುಚ್ಚಳ ಇರತೈತ್ರಿ."

"ಬೆನ್ನ ತುಂಬ ಇರಬೇಕಂತ ಯಾರ ಹೇಳ್ಯಾರ? ನೀಲಿ ಪಟ್ಟಿ ನೋಡು. ಅದಽ ಮುಚ್ಚಳ. ನಡಬರಕ ಗೆರಿ ಐತಿ, ಕಾಣ್ತಿಲ್ಲ?"

ಗೆರೆ ಕಾಣುತ್ತಿತ್ತು. ಎರಡು ಮುಚ್ಚಳ, ನಡುವೆ ನೇರ ಗೆರೆ. ಆದರೆ ಮೈಯ ಕಾಲುಭಾಗಕ್ಕೂ ಬರದ ಮುಚ್ಚಳ, ಎದೆಗೆ ಮಾತ್ರ ಸಾಲುವ ಕುಪ್ಪಸದ ಹಾಗೆ. ಉಳಿದ ಹೊಟ್ಟೆಯೆಲ್ಲ ಬಯಲು. ಮುಚ್ಚಳ ಎಂದರೆ ಬೆನ್ನು ಪೂರ್ತಿ ಮುಚ್ಚುವುದು ಎಂದು ನಾನೇ ಅಂದುಕೊಂಡಿದ್ದೆ. ನನ್ನ ನಿಯಮದಲ್ಲಿ ಹಾಗೆ ಬರೆದೇ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ಬಗೆಯ ಜೀರುಂಡೆ ಗುರುತಿಸಿದವಳು ನಾನು. ಅವ್ವನ ಕುತ್ತಿಗೆ ಸುಟ್ಟದ್ದು ಇರುವೆಯ ಸಾಲಿನಲ್ಲಿ ಕಣ್ಣೆದುರಿಗೇ ಓಡಾಡಿತ್ತು.

ಡಾಕ್ಟರು ಮುಲಾಮು ಕೊಟ್ಟರು. ಹುಳ ಮೈಮೇಲೆ ಕೂತರೆ ಬಡಿಯಬೇಡಿ, ಊದಿಬಿಡಿ, ಕೂತ ಜಾಗವನ್ನು ಕೂಡಲೇ ಸಾಬೂನು ಹಚ್ಚಿ ತೊಳೆಯಿರಿ ಎಂದರು. ಕೊಲ್ಲಬೇಕಾಗಿಲ್ಲ, ಹೊಲದಲ್ಲಿ ಅದು ಬೆಳೆ ತಿನ್ನುವ ಸಣ್ಣ ಹುಳಗಳನ್ನು ತಿಂದು ಬದುಕುತ್ತದೆ ಎಂದರು. ಅದನ್ನು ಕೇಳಿ ಮಾವ ಮೊದಲ ಸಲ ತಲೆ ಎತ್ತಿದ. "ಹಂಗಾರ ಒಳ್ಳೇದೇನ್ರಿ ಅದು?" ಎಂದ. ನಂಬಿಕೆ ಬಾರದವನ ದನಿ ಅದು.

ಆದರೆ ಓಣಿಗೆ ಡಾಕ್ಟರ ಮಾತು ಸಾಲಲಿಲ್ಲ. "ಇಷ್ಟುದ್ದ ಹುಳಕ್ಕ ಇಷ್ಟಗಲ ಬರಿ?" ಎಂದು ಮೂಲೆಮನೆಯವನು ಬೆರಳು ತೋರಿಸಿ ನಕ್ಕ. ನಗು ಮುಖದ ಮೇಲಿತ್ತು, ಲಡಿಯ ಗಂಟು ಮಾವನ ಅಂಗಳದಲ್ಲೇ ಇತ್ತು.

ಆ ಸಂಜೆ ಒಂದು ಕಾಗದದ ಚೂರಿನಿಂದ ಅಂಥ ಒಂದು ಹುಳವನ್ನು ಗಾಜಿನ ಶೀಶೆಗೆ ಇಳಿಸಿ, ಹಿರಿಯಜ್ಜನ ಮುಂದೆ ಇಟ್ಟೆ. ಅದು ಬಾಲದ ತುದಿ ಎತ್ತಿ ಚೇಳಿನ ಹಾಗೆ ಓಡಾಡಿತು. ಅಜ್ಜ ಕನ್ನಡಕ ಏರಿಸಿದ.

"ಇರಬಿನ ಇದು."

"ತಡೀರಿ ಅಜ್ಜಾರ."

ಹುಳ ಗಾಜು ಹತ್ತಿ ಮೇಲೆ ಬಂತು. ಆ ನೀಲಿ ಕುಪ್ಪಸ ಎರಡು ಹೋಳಾಗಿ ಎದ್ದಿತು. ಕೆಳಗಿನಿಂದ ರೆಕ್ಕೆ ಹೊರಬಂತು. ಬರುತ್ತಲೇ ಇತ್ತು. ಆ ಗಿಡ್ಡ ಮುಚ್ಚಳದ ಕೆಳಗೆ ಅಷ್ಟು ದೊಡ್ಡ ರೆಕ್ಕೆ ಹೇಗೆ ಹಿಡಿಸಿತ್ತು ಎಂದು ನಾನೇ ಬಾಯಿ ಬಿಟ್ಟೆ. ಹುಳ ಹಾರಲು ಹೋಗಿ ಗಾಜಿಗೆ ಬಡಿದು ಕೆಳಗೆ ಬಿತ್ತು. ಆಮೇಲೆ ಅದು ಮಾಡಿದ್ದನ್ನು ನೋಡಿ ಶೆಡ್ಡಿನಲ್ಲಿ ಎಲ್ಲರೂ ಶೀಶೆಯ ಮೇಲೆ ಬಾಗಿದರು. ಬಾಲವನ್ನು ಬೆನ್ನ ಮೇಲೆ ಬಗ್ಗಿಸಿ, ಅದರ ತುದಿಯಿಂದ ರೆಕ್ಕೆಯನ್ನು ಒತ್ತಿ, ಮಡಚಿ, ಮತ್ತೆ ಮಡಚಿ, ಕುಪ್ಪಸದೊಳಗೆ ತುರುಕಿ ಮುಚ್ಚಿಕೊಂಡಿತು. ಏನೂ ಆಗಿಲ್ಲ ಎಂಬಂತೆ ಮತ್ತೆ ಇರುವೆಯ ಹಾಗೆ ಓಡಿತು.

"ಯಪ್ಪಾ ಶಿವನ! ಘಡಿ ಮಾಡತೈತಲೇ ಇದು" ಎಂದ ಅಜ್ಜ. ಸಾವಿರಾರು ಸೀರೆ ಮಡಚಿದ ಅವನ ಕೈ ಗಾಳಿಯಲ್ಲೇ ಒಂದು ಮಡಿಕೆ ಹಾಕಿತು. "ಬಾಲದಿಂದ! ಇಂಥಾ ಘಡಿ ನನಗ ಬರೂದಿಲ್ಲ."

ಆದರೂ ಮೂಲೆಮನೆಯವನು ಸೋಲಲಿಲ್ಲ. "ಹುಳ ಶಾಣ್ಯಾ ಐತಿ, ಒಪ್ಪಿದೆ. ಆದರ ಸೀರಿ ಹಾಕ್ಕೊಂಡವರಿಗೆ, ನೂಲ ಸುತ್ತಗೊಂಡವರಿಗಷ್ಟ ಯಾಕ ಆತು? ಆ ಬಣ್ಣಾ ಮುಟ್ಟದ ಗಂಡಸರಿಗೆ ಯಾಕ ಆಗಿಲ್ಲ?"

ಹಿಂದೆ ಮಗ್ಗಕ್ಕೆ ಒರಗಿ ನಿಂತಿದ್ದ ಎದುರು ಮನೆಯ ಕಾಕಾ, ಅಂದರೆ ಚಿಗವ್ವನ ಗಂಡ, ಕೆಮ್ಮಿದ. ಮತ್ತೆ ಕೆಮ್ಮಿದ.

"ನನಗೂ ಆಗೇತಿ" ಎಂದ.

ಎಲ್ಲರೂ ತಿರುಗಿದರು. ಚಿಗವ್ವನ ಕಣ್ಣು ದೊಡ್ಡದಾಯಿತು. "ಎಲ್ಲಿ?"

"ತೊಡಿಗೆ. ಹೋದ ವಾರ, ನಿನಗಿಂತ ಮದಲ. ಲುಂಗಿ ಮ್ಯಾಲೆ ಎತ್ತಿ ಕಟ್ಟಿ ಹಳೇ ನೂಲಿನ ಮಗ್ಗದ ಮುಂದ ನಿಂತಿದ್ದೆ. ಎಂಥಾ ರೋಗೋ ಏನೋ ಅಂತ ಹೇಳಾಕ ನಾಚಿಕಿ ಬಂತು."

"ಒಂದ ವಾರ ಮುಚ್ಚಿಟ್ಟಿದ್ದೇನು? ಅದಕ್ಕ ಕುಂಟತಿದ್ದಿ! ಕೇಳಿದರ ಚಪ್ಪಲಿ ಕಚ್ಚೇತಿ ಅಂದಿ!"

"ಅಲ್ಲೋ" ಎಂದ ಅಜ್ಜ ಗಂಭೀರವಾಗಿ, "ನೀ ಯಾವಾಗ ಸೀರಿ ಉಟ್ಟಿದ್ದಿ?"

ಶೆಡ್ಡು ಒಮ್ಮೆಗೇ ನಕ್ಕಿತು. ಮೂಲೆಮನೆಯವನೂ ನಕ್ಕ, ಈ ಸಲ ನಿಜವಾಗಿ. ನಾನು ಮಾತ್ರ ನಗಲಾರದೆ ನಿಂತಿದ್ದೆ. ಮುಂಚೆಯೇ ಕಾಕಾ ಹೇಳಿದ್ದರೆ ಆ ಕಡಾಯಿಯ ಬಣ್ಣ ಮಣ್ಣಿಗೆ ಬೀಳುತ್ತಿರಲಿಲ್ಲ.

ಮರುದಿನ ಅಪ್ಪ ಟ್ಯೂಬಲೈಟನ್ನು ಕಿಟಕಿಯಿಂದ ದೂರ ಸರಿಸಿ, ಕಿಟಕಿಗೆ ಜಾಳಿಗೆ ಹೊಡೆದ. ಹಿರಿಯಜ್ಜ ತಾನೇ ನಡೆದು ಹೋಗಿ ಮಾವನಿಗೆ ಒಲೆ ಹಚ್ಚು ಎಂದು ಹೇಳಿ ಬಂದ. ಮಾವ ಹಚ್ಚಲಿಲ್ಲ. ಎರಡು ದಿನ ಕಡಾಯಿ ಖಾಲಿ ಇತ್ತು. ನಾನು ಹೋಗಿ ಕೇಳಿದಾಗ ಅವನು ಗಳದ ಮೇಲಿನ ಧೂಳು ಒರೆಸುತ್ತಿದ್ದ.

"ಹುಳದ ಕೆಲಸ ಅಂತ ಗೊತ್ತಾತವಾ. ಆದರ ಆ ದಿನ ಅಕಿ ಕುತ್ತಿಗಿ ನೋಡಿದಾಗ ನನ್ನ ಕೈಯಾಗ ಆದದ್ದು ಇದು ಅಂತ ನಾನಽ ನಂಬಿದ್ನಲ್ಲ. ನನ್ನ ಕೈಮ್ಯಾಲ ನನಗಽ ಭರವಸೆ ಹೋತಂದ್ರ ಮಂದಿ ನೂಲ ಹೆಂಗ ಹಿಡೀಲಿ? ಆ ಬಣ್ಣಾ ಎಷ್ಟ ಹಾಕಿದ್ದೆ, ಏನ್ ಹಾಕಿದ್ದೆ, ಈಗ ಕಣ್ಣಿಗೂ ಬರವೊಲ್ದು."

ನಾನು ಮನೆಗೆ ಬಂದು ಅದನ್ನೇ ಅವ್ವನಿಗೆ ಹೇಳಿದೆ. ಅವ್ವ ಒಲೆಯ ಮೇಲಿನ ಸಾರು ಇಳಿಸಿದಳು, ಪೆಟ್ಟಿಗೆ ತೆಗೆದಳು. ಆ ಸೀರೆ ಹೆಗಲಿಗೆ ಹಾಕಿಕೊಳ್ಳಲಿಲ್ಲ, ಉಟ್ಟುಕೊಂಡಳು. ಕುತ್ತಿಗೆ ಮುಚ್ಚದೆ ಸೆರಗನ್ನು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಹಾಡಹಗಲಲ್ಲಿ ಓಣಿಯ ನಡುವೆ ನಡೆದಳು. ಮಗ್ಗದ ಸದ್ದು ಒಂದೊಂದೇ ಮನೆಯಲ್ಲಿ ನಿಂತಿತು. ಜನ ಬಾಗಿಲಿಗೆ ಬಂದರು. ಕುತ್ತಿಗೆಯ ಗುಳ್ಳೆ ಒಣಗಿ ಕಂದು ಪಟ್ಟಿಯಾಗಿತ್ತು, ಬಿಸಿಲಿನಲ್ಲಿ ಇನ್ನಷ್ಟು ಎದ್ದು ಕಾಣುತ್ತಿತ್ತು.

ಮಾವನ ಅಂಗಳದ ಕಲ್ಲಿನ ಮೇಲೆ ಕೂತು ಅವ್ವ ಹೇಳಿದಳು: "ಹಚ್ಚು ಒಲಿ. ಕಣ್ಣಿಗೆ ಬರವೊಲ್ದಂದ್ರ ನನ್ನ ನೋಡಿ ಮಾಡು. ಸಂಜೀತನಕ ಇಲ್ಲೇ ಕೂಡ್ತೇನಿ."

ಮಾವ ಒಲೆಗೆ ಕಟ್ಟಿಗೆ ಇಟ್ಟ. ನೀರು ಕುದಿಯಿತು. ಪುಡಿ ಹಾಕಿದ, ಕಲಕಿದ, ಒಂದು ಲಡಿ ಅದ್ದಿ ಎತ್ತಿ ಸೀರೆಯ ಪಕ್ಕ ಹಿಡಿದ. ಕೆಂಪು ಹೆಚ್ಚಾಗಿತ್ತು. ಮತ್ತೆ ಮಾಡಿದ. ಮತ್ತೆ ಹಿಡಿದ. ಅವನ ಕಣ್ಣು ಸೀರೆಯ ಮೇಲೆ ನಿಲ್ಲುತ್ತಿರಲಿಲ್ಲ, ಜಾರಿ ಜಾರಿ ಮೇಲೆ ಹೋಗುತ್ತಿತ್ತು.

"ಕುತ್ತಿಗಿ ನೋಡಬ್ಯಾಡೋ" ಎಂದಳು ಅವ್ವ. "ಸೀರಿ ನೋಡು."

ಅವನು ಮುಂಗೈಯಿಂದ ಕಣ್ಣು ಒರೆಸಿಕೊಂಡ. ಹೊಗೆ ಇತ್ತು, ಇರಲಿ. ಮೂರನೇ ಲಡಿ ಎತ್ತಿದಾಗ ಬಣ್ಣ ಹತ್ತಿರ ಬಂದಿತ್ತು. ನಾನು ಬಂತು ಎಂದೇಬಿಟ್ಟೆ. ಅವ್ವ ಒದ್ದೆ ನೂಲನ್ನು ತನ್ನ ಬರಿಗೈಯಲ್ಲಿ ತೆಗೆದುಕೊಂಡು, ಬಿಸಿಲಿಗೆ ಹಿಡಿದು, ಸೀರೆಯ ಮಡಿಕೆಯ ಮೇಲೆ ಇಟ್ಟು ನೋಡಿದಳು.

"ಬಂದಿಲ್ಲ. ಇನ್ನೊಂದ ಮುಳುಗ ಕೊಡು" ಎಂದು ವಾಪಸು ಚಾಚಿದಳು.